ವೃಷಾಲಿಬಾಯಿಯ ಅಭಿಪ್ರಾಯ

ಮಿರಜದ ಆ ಹೈಸ್ಕೂಲಿನಲ್ಲಿ ವೃಷಾಲಿ ಬೋರಗಾವೆಗೆ ಕಾಯಂ ನೌಕರಿ ಇರಲಿಲ್ಲ. ತಾಸಿನ ಲೆಕ್ಕದ ಮಾಸ್ತರಿಕೆ. ಪಾಠ ಮಾಡಿದ ತಾಸಿಗೆ ಸಂಬಳ, ಮಾಡದ ತಾಸಿಗೆ ಇಲ್ಲ. ದೀಪಾವಳಿ ರಜೆಗೆ ಇಲ್ಲ, ಮೇ ತಿಂಗಳಿಗೆ ಇಲ್ಲ, ಜ್ವರ ಬಂದರೆ ಅದೂ ಸ್ವಂತ ಖರ್ಚಿನದು. ಮದುವೆಯಾಗಿ ಮಿರಜಕ್ಕೆ ಬಂದ ವರ್ಷ ಹಿಡಿದ ಕೆಲಸ. ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ, ತಾಯಿ ಇನ್ನೂ ಹಂಗಾಮಿ. ನಮ್ಮ ಕಡೆ ಹಂಗಾಮಿ ಅನ್ನುವುದರಷ್ಟು ಕಾಯಂ ಆದದ್ದು ಮತ್ತೊಂದಿಲ್ಲ.

ಆ ಶಾಲೆಯದು ಮರಾಠಿ ಮಾಧ್ಯಮ. ಕಲಿಸುವ ಹೆಂಗಸರನ್ನೆಲ್ಲ ಅಲ್ಲಿ ‘ಬಾಯಿ’ ಎಂದು ಕರೆಯುತ್ತಾರೆ. ಹಾಗಾಗಿ ಈಕೆ ವೃಷಾಲಿಬಾಯಿ. ಕಲಿಸುವುದು ಇಂಗ್ಲಿಷ್. ವ್ಯಾಕರಣ, ಪುಸ್ತಕದ ಪಾಠ, ಪರೀಕ್ಷೆಯ ಪ್ರಶ್ನೆ ಎಲ್ಲ ಕಾಯಂ ಮಾಸ್ತರರ ಪಾಲು. ಅವರಿಗೆ ಬೇಡವಾದ ಒಂದು ತಾಸು ಉಳಿದಿತ್ತು, ಎಂಟನೆಯ ಇಯತ್ತೆಯ ಮಕ್ಕಳಿಗೆ ಇಂಗ್ಲಿಷ್ ಮಾತಾಡಿಸುವ ತಾಸು. ಅದಕ್ಕೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಹಾಗಾಗಿ ಮಾನವೂ ಇಲ್ಲ. ಅದು ವೃಷಾಲಿಯ ಪಾಲಿಗೆ ಬಂತು. ಅವಳು ಅದನ್ನೇ ತನ್ನ ಜೀವ ಮಾಡಿಕೊಂಡಳು.

ಆ ತರಗತಿಯ ಹಿಂದಿನ ಸಾಲಿನಲ್ಲಿ ಗಡಿಯ ಹಳ್ಳಿಗಳಾದ ಆರಗ, ಮ್ಹೈಸಾಳದ ಕಡೆಯಿಂದ ಎಸ್‌.ಟಿ. ಬಸ್ಸಿಗೆ ಬರುವ ಮಕ್ಕಳು ಕೂಡುತ್ತಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಅದರ ಮೇಲೆ ಇಂಗ್ಲಿಷ್. ಮೂರೂ ಕೂಡಿ ಅವರ ನಾಲಿಗೆಯನ್ನೇ ಕಟ್ಟಿಹಾಕಿದ್ದವು. ಸ್ಟಾಫ್‌ರೂಮಿನಲ್ಲಿ ಅವರಿಗೊಂದು ಹೆಸರಿತ್ತು: ‘ಮುಕ್ಕಿ ಗ್ಯಾಂಗು’. ಮಾತು ಬಾರದವರ ಗುಂಪು ಎಂದು ಅರ್ಥ. ಓದಿದ ಮಂದಿ ಚಹಾ ಕುಡಿಯುತ್ತ ಇಟ್ಟ ಹೆಸರು ಇದು. ವೃಷಾಲಿ ಆರಗದಲ್ಲೇ ಹುಟ್ಟಿದವಳು, ಅಂಥದೇ ಸಾಲಿನಲ್ಲಿ ಕೂತು ಎದ್ದುಬಂದವಳು. ಅವಳು ನಗಲಿಲ್ಲ.

ಅವಳ ಪದ್ಧತಿ ಹೀಗೆ. ಹಿಂದಿನ ಸಾಲಿನ ಒಬ್ಬರು ನಿನ್ನೆ ಮನೆಯಲ್ಲಿ ನಡೆದದ್ದನ್ನು ಕನ್ನಡದಲ್ಲಿ ಹೇಳಬೇಕು. ಎಮ್ಮೆ ಕಣ್ಣಿ ಹರಿದುಕೊಂಡಿತೋ, ಕಾಕಾ ಕಾಕುವಿನ ಜಗಳವಾಯಿತೋ, ಏನಾದರೂ ಸರಿ. ಮರಾಠಿ ಮನೆಯ ಮಕ್ಕಳು ಕೇಳಿ ಕೇಳಿ ಅದನ್ನು ಮರಾಠಿಗೆ ತರಬೇಕು. ಆಮೇಲೆ ಎಲ್ಲರೂ ಕೂಡಿ ಇಂಗ್ಲಿಷಿಗೆ ಎತ್ತಬೇಕು. ‘ಅದಕ್ಕ ಏನಂತಾರ? ಆಮ್ಯಾಲೆ ಏನಾತು?’ ಎಂದು ಮುಂದಿನ ಬೆಂಚಿನವರು ಹಿಂದಿನ ಬೆಂಚಿನವರ ಸುತ್ತ ನೆರೆಯುತ್ತಿದ್ದರು. ಆ ಮಕ್ಕಳನ್ನು ಆ ಶಾಲೆಯಲ್ಲಿ ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಆರಗದ ಮಾಳವ್ವ ಎಂಬ ಹುಡುಗಿ ದೀಪಾವಳಿ ಕಳೆದರೂ ಶಾಲೆಯಲ್ಲಿ ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ. ಒಂದು ದಿನ ತಾನಾಗಿ ಎದ್ದು ನಿಂತಳು. ಅವಳ ಅಜ್ಜಿ ಬಸ್ಸಿನಲ್ಲಿ ಗಂಟುಗಳ ನಡುವೆ ಕೂತಿದ್ದಳಂತೆ. ಕಂಡಕ್ಟರು ಗಂಟು ಎಣಿಸುತ್ತ ಅಜ್ಜಿಯನ್ನೂ ಎಣಿಸಿದನಂತೆ. ಅಜ್ಜಿ ಆರಗದಿಂದ ಮಿರಜದ ಸ್ಟ್ಯಾಂಡಿನ ತನಕ ಅವನ ಏಳು ತಲೆಮಾರು ತೆಗೆದು ಬೈದಳಂತೆ. ತರಗತಿ ಬಿದ್ದು ಬಿದ್ದು ನಕ್ಕಿತು. ತಾಸು ಮುಗಿಯುವ ಹೊತ್ತಿಗೆ ಬೋರ್ಡಿನ ಮೇಲೆ ಮಾಳವ್ವನ ಇಂಗ್ಲಿಷ್ ನಿಂತಿತ್ತು: ‘ಮೈ ಗ್ರ್ಯಾಂಡ್‌ಮದರ್ ಈಸ್ ನಾಟ್ ಲಗೇಜ್.’ ಆಮೇಲೆ ಆ ಹುಡುಗಿಯ ಬಾಯಿ ಮುಚ್ಚಲಿಲ್ಲ.

ಇಂಥ ತಾಸಿನ ಮೇಲೆ ಕಣ್ಣು ಬಿದ್ದದ್ದು ಶಾಲೆ ನಡೆಸುವ ಸಂಸ್ಥೆಯ ಸೆಕ್ರೆಟರಿ ಶಾಂತಿನಾಥ ಖೋತರದು. ಊರೆಲ್ಲ ಅವರನ್ನು ‘ಅಣ್ಣಾ’ ಎನ್ನುತ್ತದೆ. ಗೊಬ್ಬರದ ದೊಡ್ಡ ವ್ಯಾಪಾರ. ಮನೆಯಲ್ಲಿ ಕನ್ನಡ, ಸಭೆಯಲ್ಲಿ ಮರಾಠಿ, ಸಿಟ್ಟು ಬಂದರೆ ಮತ್ತೆ ಕನ್ನಡ. ಪುಣೆಯ ಒಂದು ಪ್ರದರ್ಶನದಲ್ಲಿ ಮಕ್ಕಳಿಗೆ ಇಂಗ್ಲಿಷ್ ಮಾತಾಡಿಸುವ ಎ.ಐ. ಟ್ಯಾಬ್ ನೋಡಿ ಬಂದಿದ್ದರು. ಜನವರಿಯಲ್ಲಿ ಒಂದಿಷ್ಟು ಟ್ಯಾಬ್‌ಗಳು ಪ್ರಯೋಗಕ್ಕೆಂದು ಬಂದವು. ಒಳಗಿನ ಹೆಣ್ಣುದನಿ ‘ಹೌ ಆರ್ ಯು ಟುಡೇ?’ ಎನ್ನುತ್ತಿತ್ತು. ‘ಐ ಆ್ಯಮ್ ಫೈನ್’ ಎಂದರೆ ‘ಎಕ್ಸಲೆಂಟ್!’ ಎಂದು ಚಪ್ಪಾಳೆ ಹೊಡೆಯುತ್ತಿತ್ತು. ಮಕ್ಕಳು ಅದಕ್ಕೆ ‘ಡಬ್ಬಿಬಾಯಿ’ ಎಂದು ಹೆಸರಿಟ್ಟರು.

ಜೂನಿನಿಂದ ಮಾತಿನ ತಾಸು ಡಬ್ಬಿಬಾಯಿಗೆ ಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ವೃಷಾಲಿ ಅಣ್ಣಾರ ಅಂಗಡಿಗೇ ಹೋಗಿ ಕೇಳಿದಳು.

‘ನಾ ಏನ್ ಹಿಟ್ಲರ್ ಅದೇನೇನ್ರಿ ಬಾಯಿ?’ ಅಣ್ಣಾ ನಕ್ಕರು. ‘ಸಾಂಗಲಿನ್ಯಾಗ ಒಬ್ಬರು ಮ್ಯಾಡಮ್ ಇದರ ಮ್ಯಾಲೇ ಸಂಶೋಧನಾ ಮಾಡಾಕತ್ತಾರ. ಇಂಗ್ಲಿಷ್ ಕಲಸೂ ಮಾಸ್ತರಗೋಳೆಲ್ಲಾ ಅಲ್ಲಿ ತಮ್ಮ ತಮ್ಮ ಮತಾ ಬರದು ಕೊಡಾವ್ರು ಅದಾರ. ನೀವೂ ಹೋಗ್ರಿ. ಮನಸಿನ್ಯಾಗಿದ್ದದ್ದ ಬರೀರಿ. ನೀವು ಬ್ಯಾಡ ಅಂದ್ರ ನಾ ಯಾಕ ತರಲಿ?’

ಆ ಮಾತನ್ನು ಅವಳು ನಂಬಿದಳು. ತನ್ನ ತಾಸು ಉಳಿಯುವುದೂ ಹೋಗುವುದೂ ತಾನು ಬರೆಯುವ ಒಂದು ಪುಟದ ಮೇಲೆ ಎಂದುಕೊಂಡು ಸಾಂಗಲಿಯ ಸಿಟಿ ಬಸ್ಸು ಹತ್ತಿದಳು.

ಅಲ್ಲಿನ ವಿಶ್ರಾಮಬಾಗ ಬಡಾವಣೆಯ ಒಂದು ಸಭಾಗೃಹದಲ್ಲಿ ಜಿಲ್ಲೆಯ ಇಂಗ್ಲಿಷ್ ಮಾಸ್ತರರು ನೆರೆದಿದ್ದರು. ಮೊದಲು ಚಹಾ, ಭಡಂಗ. ನಿಜವಾದ ಸಂಶೋಧನೆ ನಡೆದದ್ದು ಅಲ್ಲಿಯೇ, ಮಂಡಕ್ಕಿಯ ಪ್ಲೇಟಿನ ಸುತ್ತ, ಆದರೆ ಅದನ್ನು ಬರೆದುಕೊಳ್ಳುವವರು ಯಾರೂ ಇರಲಿಲ್ಲ.

‘ಆ ಡಬ್ಬಿ ಬಂತಂದ್ರ ನಮ್ಮ ಕೈಯಾಗ ಬೋರ್ಡಿಗೆ ಬರಿಯೂ ಖಡೂನೂ ಉಳಿಯಂಗಿಲ್ಲ ನೋಡ್ರಿ’ ಎಂದರು ದತ್ತಾತ್ರೇಯ ಸರ್. ಇವರು ವೃಷಾಲಿಯ ಶಾಲೆಯವರೇ, ಇಂಗ್ಲಿಷಿನ ಕಾಯಂ ಮಾಸ್ತರರು, ನಿವೃತ್ತಿಗೆ ಹತ್ತಿರ ಬಂದವರು. ‘ಹುಡುಗೂರು ನಿಬಂಧಾ ಅದರ ಕಡಿಂದನ ಬರಸ್ಕೊಂಡ ಬರ್ತಾವ. ಕೇಳಿದ್ರ, ಸರ್, ನಾನ ಬರದೇನಿ ಅಂತಾವ. ಮಾರಿ ಮ್ಯಾಲೆ ಸುಳ್ಳ! ಒದ್ದ ಹೊರಗ ಹಾಕಬೇಕು ಇಂಥಾವನ್ನ.’

ಎಲ್ಲರೂ ಹೌದೌದೆಂದರು. ಒಬ್ಬರು ಮಕ್ಕಳು ಯೋಚನೆ ಮಾಡುವುದನ್ನೇ ಬಿಟ್ಟಿವೆ ಎಂದರು, ಮತ್ತೊಬ್ಬರು ಪಾಠದ ತಯಾರಿಗೆ ಅದು ಉಪಯೋಗ ಬೀಳುತ್ತದೆ, ಪಾಠಕ್ಕಲ್ಲ ಎಂದರು. ಒಳ್ಳೆಯ ಮಾತುಗಳು, ಅನುಭವದಿಂದ ಬಂದ ಮಾತುಗಳು.

ಆಮೇಲೆ ಸಂಶೋಧಕಿ ಡಾಕ್ಟರ್ ಸಂಪದಾ ಎದ್ದು ನಿಂತರು. ಚಿಕ್ಕ ವಯಸ್ಸು, ನಯವಾದ ಮಾತು. ಎಲ್ಲರ ಫೋನಿಗೂ ಒಂದು ಲಿಂಕು ಕಳಿಸಿದ್ದೇನೆ, ಇಂಗ್ಲಿಷ್ ಬೋಧನೆಯಲ್ಲಿ ಎ.ಐ. ಬಗ್ಗೆ ನಿಮ್ಮ ಅಭಿಪ್ರಾಯವನ್ನು ಒಂದು ಪುಟದಷ್ಟು ಬರೆಯಿರಿ, ಹೆಸರು ಹಾಕಿ, ದಯವಿಟ್ಟು ಇಂಗ್ಲಿಷಿನಲ್ಲಿಯೇ ಬರೆಯಿರಿ ಎಂದರು.

ಭಡಂಗದ ಸುತ್ತ ಗುಡುಗಿದ ಮಂದಿ ತಲೆ ತಗ್ಗಿಸಿದರು. ಜೀವಮಾನವಿಡೀ ಇಂಗ್ಲಿಷ್ ಕಲಿಸಿದವರು, ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದೆಳೆದು ಪೆನ್ನು ಸವೆಸಿದವರು. ಆದರೆ ಸ್ವಂತದ್ದು ಅಂತ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವ ಪ್ರಸಂಗ ಅವರಿಗೆ ನೌಕರಿಯ ಅರ್ಜಿ ಬರೆದ ಮೇಲೆ ಬಂದಿರಲಿಲ್ಲ. ಅದನ್ನೂ ಕೆಲವರು ಮತ್ತೊಬ್ಬರಿಂದ ಬರೆಸಿದ್ದರು. ತುಸು ಹೊತ್ತಿಗೆ ಸಾಲು ಸಾಲಾಗಿ ಬೆರಳುಗಳು ಓಡಾಡತೊಡಗಿದವು. ಎ.ಐ. ಬೇಡ ಎನ್ನಬೇಕಾದವರೆಲ್ಲ, ಎ.ಐ. ಬಗ್ಗೆ ತಮ್ಮ ಅಭಿಪ್ರಾಯವೇನು ಎಂದು ಎ.ಐ.ಯನ್ನೇ ಕೇಳುತ್ತಿದ್ದರು. ಒದ್ದು ಹೊರಗೆ ಹಾಕಬೇಕು ಎಂದ ದತ್ತಾತ್ರೇಯ ಸರ್ ಎಲ್ಲರಿಗಿಂತ ಮೊದಲು ಮುಗಿಸಿ ಕೈಕಟ್ಟಿ ಕೂತರು.

ವೃಷಾಲಿ ಹಾಗೆ ಮಾಡಲಿಲ್ಲ. ತಾನೇ ಬರೆದಳು. ತಡವರಿಸಿದಳು, ಅಳಿಸಿದಳು, ಮತ್ತೆ ಬರೆದಳು. ಹಿಂದಿನ ಬೆಂಚಿನ ಮಕ್ಕಳ ಬಗ್ಗೆ ಬರೆದಳು. ಮಾಳವ್ವನ ಅಜ್ಜಿಯ ಬಗ್ಗೆ ಬರೆದಳು. ಈ ಡಬ್ಬಿಗೆ ನಮ್ಮ ಮಕ್ಕಳ ಮನೆ ಗೊತ್ತಿಲ್ಲ, ನನ್ನ ತಾಸನ್ನು ನಾನು ಇದಕ್ಕೆ ಕೊಡುವುದಿಲ್ಲ ಎಂದು ಮುಗಿಸಿದಳು. ಅಷ್ಟಕ್ಕೇ ಒತ್ತಿ ಕಳಿಸಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ದತ್ತಾತ್ರೇಯ ಸರ್ ಬಗ್ಗಿ ನೋಡಿದರು. ‘ಬಾಯಿ, ಚಲೋ ಬರದೀರಿ. ಖರೆ, ಇಲ್ಲೊಂದ ತಪ್ಪೈತಿ, ಇಲ್ಲೊಂದೈತಿ. ಓದೂ ಮಂದಿ ಡಾಕ್ಟರೇಟ ಆದಾವ್ರು. ಇಂಗ್ಲಿಷ್ ಬಾಯಿ ಇಂಥಾ ಇಂಗ್ಲಿಷ್ ಬರೀತಾಳ ಅಂದ್ರ ಏನಂದಾರು? ನನಗೇನ ಬಿಡ್ರಿ, ನಾ ಇವತ್ತಿಲ್ಲ ನಾಳೆ ಮನೀಗೆ ಹೋಗಾಂವ. ನೀವು ಹಂಗಾಮಿ ಇದ್ದೀರಿ.’

‘ಮತ್ತೇನ ಮಾಡ್ಲಿ ಸರ?’

‘ಮಷೀನಿಗೆ ಹಾಕಿ ಒಮ್ಮಿ ತೊಳದ ತಗೀರಿ. ವಿಚಾರ ನಿಮ್ಮದ, ಭಾಷಾ ಅಷ್ಟ ಅದರದು. ಅದರಾಗೇನ ಐತಿ?’

ಹಾಕಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ತೊಳೆದದ್ದು ಬಂತು. ತಪ್ಪು ಒಂದೂ ಇರಲಿಲ್ಲ. ಅಜ್ಜಿಯೂ ಇರಲಿಲ್ಲ. ಅಜ್ಜಿ ಇದ್ದ ಜಾಗದಲ್ಲಿ ‘ಮಕ್ಕಳ ಶ್ರೀಮಂತ ಕೌಟುಂಬಿಕ ಅನುಭವಗಳು’ ಎಂಬ ಅರ್ಥದ ಏನೋ ಇತ್ತು. ನನ್ನ ತಾಸನ್ನು ಕೊಡುವುದಿಲ್ಲ ಎಂದ ಕಡೆ ಈ ಅರ್ಥದ ಮಾತು ಕೂತಿತ್ತು: ‘ಯೋಗ್ಯ ತರಬೇತಿ ದೊರೆತರೆ ಈ ತಂತ್ರಜ್ಞಾನವು ಶಿಕ್ಷಕಿಯ ಕೈಯನ್ನು ಬಲಪಡಿಸುತ್ತದೆ ಮತ್ತು ಮೌನವಾಗಿರುವ ಮಗುವಿಗೆ ದನಿ ಕೊಡುತ್ತದೆ.’

ವೃಷಾಲಿ ಎರಡು ಸಲ ಓದಿದಳು. ಇದು ತಾನು ಹೇಳಿದ್ದಲ್ಲ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಅವಳ ಪರವಾಗಿ ಸುಳ್ಳು ಹೇಳುವುದು ಬೇಡ. ಆದರೆ ಆ ಇಂಗ್ಲಿಷ್ ಎಷ್ಟು ಚಂದ ಇತ್ತು! ತನ್ನ ಹೆಸರಿನ ಮೇಲೆ ಅಂಥ ಇಂಗ್ಲಿಷನ್ನು ಅವಳು ಹುಟ್ಟಿದಂದಿನಿಂದ ನೋಡಿರಲಿಲ್ಲ. ಅದನ್ನು ಅಳಿಸಿ ತನ್ನ ಮುಕ್ಕಾದ ಸಾಲುಗಳನ್ನು ಮತ್ತೆ ಅಲ್ಲಿ ಇಡಲು ಕೈ ಏಳಲಿಲ್ಲ. ಲಂಚಕ್ಕೆ ಸೋತವರಿದ್ದಾರೆ, ಬೆದರಿಕೆಗೆ ಸೋತವರಿದ್ದಾರೆ. ಈಕೆ ಸೋತದ್ದು ನಾಚಿಕೆಗೆ. ಈ ನಾಚಿಕೆಯನ್ನು ನಮ್ಮ ಶಾಲೆಗಳು ಒಂದನೆಯ ಇಯತ್ತೆಯಿಂದಲೇ ಎಷ್ಟು ಶ್ರದ್ಧೆಯಿಂದ ಕಲಿಸುತ್ತವೆಂದರೆ, ಇಂಗ್ಲಿಷ್ ಮರೆತರೂ ಅದು ಮರೆಯುವುದಿಲ್ಲ. ಕೆಳಗೆ ಹೆಸರು ಹಾಕಿ ಕಳಿಸಿಬಿಟ್ಟಳು.

ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದ ಮೇಲೆ, ಅಣ್ಣಾ ಸ್ಟಾಫ್‌ರೂಮಿಗೆ ಬಂದು ಸಭೆ ಕರೆದರು. ಕೈಯಲ್ಲಿ ಸಂಪದಾ ಮ್ಯಾಡಮ್ ಕಳಿಸಿದ ವರದಿ. ಜಿಲ್ಲೆಯ ಇಂಗ್ಲಿಷ್ ಶಿಕ್ಷಕರು ಎ.ಐ.ಯನ್ನು ಮನಃಪೂರ್ವಕ ಸ್ವಾಗತಿಸಿದ್ದಾರೆ ಎಂದು ಮರಾಠಿಯಲ್ಲಿ ಸಾರಿದರು. ಆಮೇಲೆ ಕನ್ನಡಕ ಏರಿಸಿ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಎಡವುತ್ತ ಎಡವುತ್ತ ಓದಿದರು. ಶಿಕ್ಷಕಿಯ ಕೈ, ಮೌನವಾಗಿರುವ ಮಗು, ದನಿ.

‘ಯಾರ್ದಿದು? ನಮ್ಮ ವೃಷಾಲಿಬಾಯೀದು! ಮ್ಯಾಡಮ್ ವರದೀ ಮೊದಲನೇ ಪಾನದಾಗ ಹಾಕ್ಯಾರ. ಸಂಸ್ಥಾದ ಹೆಸರ ತಂದ್ರಿ ಬಾಯಿ. ಆತು, ಜೂನದಿಂದ ಮಾತಿನ ತಾಸ ಟ್ಯಾಬ್‌ಗೆ. ನಿಮ್ಮ ಇಚ್ಛಾದಂಗನ ಆತು.’

ಮಂದಿ ಚಪ್ಪಾಳೆ ತಟ್ಟಿತು. ವೃಷಾಲಿ ಎದ್ದು ನಿಂತಳು.

‘ಅಣ್ಣಾ, ಅದು ನನ್ನ ಮಾತಲ್ರಿ.’

‘ಅಂದ್ರ? ನಿಮ್ಮ ಹೆಸರೈತಲ್ಲಾ.’

‘ಹೆಸರ ನಂದು. ಮಾತ ಮಷೀನಿಂದು. ನಾ ಬ್ಯಾಡ ಅಂತ ಬರದಿದ್ದೆ. ತಪ್ಪ ತಗೀಲಿಕ್ಕೆ ಅದಕ್ಕ ಕೊಟ್ಟೆ. ಅದು ಬ್ಯಾಡ ಅನ್ನೂದನ್ನ ತಗದ ಹಾಕ್ತು.’ ಅಣ್ಣಾರ ಕೈಯ ವರದಿಯತ್ತ ಬೆರಳು ಮಾಡಿದಳು. ‘ನಂದಷ್ಟ ಅಲ್ಲ. ಅಲ್ಲಿ ಯಾರೂ ತಮ್ಮ ಕೈಲೆ ಬರೀಲಿಲ್ರಿ. ಎಲ್ಲಾರೂ ಅದರ ಕಡಿಂದನ ಬರಿಸ್ಯಾರ. ಆ ವರದಿ ಮಾಸ್ತರಗೋಳ್ದಲ್ಲ, ಡಬ್ಬೀದು. ಡಬ್ಬಿ ಡಬ್ಬೀನ್ನ ಹೊಗಳೇತಿ, ಅಷ್ಟ.’

ದತ್ತಾತ್ರೇಯ ಸರ್ ಅವರ ಮುಖ ಕಪ್ಪಿಟ್ಟಿತು. ‘ಬಾಯಿ, ಮಂದಿ ಸುದ್ದಿ ಯಾಕ ಹೇಳ್ತೀರಿ? ನಿಮ್ಮದಷ್ಟ ನೋಡ್ಕೋರಿ. ನೀವೂ ಹಾಕಿದ್ರಿಲ್ಲೋ ಅದಕ್ಕ?’

‘ಹಾಕೇನ್ರಿ ಸರ. ನೀವು ಹಾಕ್ರಿ ಅಂದ್ರಿ, ನಾ ಹಾಕಿದೆ. ಇಬ್ಬರ್ದೂ ತಪ್ಪ.’

‘ನಾ ಅಂದಿಲ್ಲ!’ ಸರ್ ಕೂಗಿದರು. ಆ ಕೋಣೆಯಲ್ಲಿ ಅವತ್ತು ಹೇಳಿದ ಒಂದೇ ಒಂದು ಪೂರ್ತಿ ಸುಳ್ಳು ಅದು. ಅದೊಂದನ್ನು ಮಾತ್ರ ಅವರು ಯಾರ ಸಹಾಯವೂ ಇಲ್ಲದೆ ಹೇಳಿದರು.

ಅಣ್ಣಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವೃಷಾಲಿಗೆ ನಿಲ್ಲಲು ಒಂದು ಗೋಡೆಯಾದರೂ ಸಿಗುತ್ತಿತ್ತು. ವರದಿಯನ್ನು ಮಡಚಿ ಮೇಜಿನ ಮೇಲಿಟ್ಟು ಸಮಾಧಾನದಿಂದ ಕನ್ನಡದಲ್ಲಿ ಹೇಳಿದರು:

‘ಹಂಗಾರ ಇನ್ನೂ ಚಲೋ ಆತಲ್ಲಾ. ಇಂಗ್ಲಿಷ್ ಕಲಸಾವ್ರಿಗೆ ಒಂದ ಪಾನ ಇಂಗ್ಲಿಷ್ ಬರಿಯಾಕ ಡಬ್ಬಿ ಬೇಕು. ಮತ್ತ ಕಲಿಯೂ ಹುಡುಗೂರಿಗೆ ಬ್ಯಾಡಾ? ನಿಮ್ಮಕಿಂತಾ ಅದಕ್ಕ ಚಲೋ ಬರ್ತದ ಅಂತ ನೀವ ತೋರಿಸಿ ಕೊಟ್ರಿ. ನಾ ಇನ್ನ ಯಾವ ಸಂಶೋಧನಾ ಓದ್ಲಿ ಹೇಳ್ರಿ?’

ಉತ್ತರವೇನೋ ಇತ್ತು. ಚಂದ ಬರೆಯುವುದೂ ಮಗುವನ್ನು ಮಾತಾಡಿಸುವುದೂ ಒಂದೇ ಅಲ್ಲ ಎಂದು ಯಾರಾದರೂ ಎದ್ದು ಹೇಳಬಹುದಿತ್ತು. ಆ ಮಾತು ಆ ಕೋಣೆಯ ಪ್ರತಿಯೊಬ್ಬ ಕಾಯಂ ಮಾಸ್ತರನಿಗೂ ಗೊತ್ತಿತ್ತು. ಎಲ್ಲರೂ ಗಡಿಯಾರ ನೋಡಿದರು.

‘ಟ್ಯಾಬ್ ಹಂಚೂದು, ಚಾರ್ಜಿಂಗ್ ಹಚ್ಚೂದು ನೋಡಾಕ ಒಬ್ಬರು ಬೇಕು’ ಎಂದರು ಅಣ್ಣಾ. ‘ಅದನ್ನ ನೀವ ಮಾಡ್ರಿ ಬಾಯಿ. ಹಳೇ ಮನಷ್ಯಾರನ್ನ ನಾ ಬಿಡಂಗಿಲ್ಲ.’

‘ಬ್ಯಾಡ್ರಿ’ ಎಂದಳು. ‘ನಾ ಹುಡುಗೂರನ್ನ ಮಾತಾಡ್ಸಾಕಿ. ಡಬ್ಬಿ ಕಾಯಾಕಿ ಅಲ್ಲ.’

ಹೀಗೆ ವೃಷಾಲಿಬಾಯಿಯ ಮಾಸ್ತರಿಕೆ ಮುಗಿಯಿತು. ಹಂಗಾಮಿಯವರಿಗೆ ಬೀಳ್ಕೊಡುಗೆ ಇರುವುದಿಲ್ಲ.

ಜೂನ್‌ನಲ್ಲಿ ಶಾಲೆ ತೆರೆಯಿತು. ಟ್ಯಾಬ್‌ನ ತಾಸು ಒಂಬತ್ತನೆಯ ಇಯತ್ತೆಗೂ ಬಂತು. ಒಂದು ದಿನ ಶಾಲೆ ಬಿಟ್ಟ ಮೇಲೆ ಮಾಳವ್ವ ಇನ್ನಿಬ್ಬರು ಹುಡುಗಿಯರನ್ನು ಕಟ್ಟಿಕೊಂಡು ವೃಷಾಲಿಯ ಮನೆ ಹುಡುಕುತ್ತ ಬಂದಳು. ಮನೆ ಎಸ್‌.ಟಿ. ಸ್ಟ್ಯಾಂಡಿನ ಹತ್ತಿರ. ಆರಗದ ಬಸ್ಸಿಗೆ ಇನ್ನೂ ಹೊತ್ತಿತ್ತು.

‘ಡಬ್ಬಿಬಾಯಿ ಹೆಂಗದಾಳ?’ ವೃಷಾಲಿ ನಕ್ಕು ಕೇಳಿದಳು.

‘ಏನ ಹೇಳಿದ್ರೂ ಎಕ್ಸಲೆಂಟ್ ಅಂತಾಳ್ರಿ ಬಾಯಿ’ ಎಂದಳು ಮಾಳವ್ವ. ‘ಮನ್ಯಾಗಿಂದ ಹೇಳಾಕ ಹೋದ್ರ ತಿಳಿಯಂಗಿಲ್ಲ. ಕೇಳಿದ್ದಕ್ಕಷ್ಟ ಹೇಳಬೇಕು. ಬ್ಯಾಸರಾ ಬಂದೈತಿ. ನೀವ ಮಾತಾಡಸ್ರಿ.’

ಮಾತಾಡಿಸಿದಳು. ಮರುದಿನವೂ ಬಂದರು. ವಾರದೊಳಗೆ ಮನೆಯ ಪಡಸಾಲೆ ತುಂಬಿತು. ಸಂಬಳದ ಮಾತೇ ಇಲ್ಲ. ಅತ್ತೆ ಸಖುಬಾಯಿ ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ ಎಲ್ಲವನ್ನೂ ಕೇಳುತ್ತಿದ್ದಳು.

‘ಅಲ್ಲಿ ಹೊರಗ ಹಾಕಿಸ್ಕೊಂಡ ಬಂದಿ. ಇಲ್ಲಿ ಫುಕಟ ಸಾಳಿ ತಗದಿ. ನಿನ್ನಂಥಾ ಶಾಣ್ಯಾ ಸೊಸಿ ಊರಾಗ ಯಾರಿಗಿ ಸಿಕ್ಕಾಳ?’

‘ನೀವ ಮುಂಜಾನಿಂದ ಅವರಿಗೆ ಶೇಂಗಾ ಹುರದ ಇಟ್ಟೀರಲ್ಲಾ ಅತ್ತಿ, ಅದೂ ಫುಕಟನ.’

‘ಹಸದ ಬರ್ತಾವ’ ಎಂದು ಸಖುಬಾಯಿ ಮುಖ ತಿರುಗಿಸಿದಳು.

ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಮಾಳವ್ವನ ಮಾತು ಈಗ ನಿಂತಲ್ಲಿ ನಿಲ್ಲುತ್ತಿರಲಿಲ್ಲ; ಜಗಳ, ಚಾಡಿ, ಜೋಕು ಎಲ್ಲ ಇಂಗ್ಲಿಷಿನಲ್ಲಿ. ಅದು ಅಣ್ಣಾರ ಕಿವಿಗೂ ಬಿತ್ತು. ಶಾಲೆಯ ಗ್ಯಾದರಿಂಗ್‌ಗೆ, ಅಂದರೆ ವಾರ್ಷಿಕ ಸಮಾರಂಭಕ್ಕೆ, ಬೇರೆ ಸಂಸ್ಥೆಗಳ ದೊಡ್ಡ ಮಂದಿ ಟ್ಯಾಬ್‌ನ ಪವಾಡ ನೋಡಲು ಬರುವವರಿದ್ದರು. ಮುಕ್ಕಿಯಾಗಿದ್ದ ಹಳ್ಳಿಯ ಹುಡುಗಿ ಮೈಕಿನ ಮುಂದೆ ಇಂಗ್ಲಿಷ್ ಮಾತಾಡಿದರೆ ಅದಕ್ಕಿಂತ ದೊಡ್ಡ ಪುರಾವೆ ಯಾವುದು? ಮಾಳವ್ವನನ್ನು ಆರಿಸಿದರು. ಹೇಳಬೇಕಾದ ಭಾಷಣವನ್ನು ಟ್ಯಾಬ್‌ನಿಂದಲೇ ಬರೆಸಿ ಅವಳ ಕೈಗೆ ಕೊಟ್ಟರು.

ಅವಳು ಅದನ್ನು ತಂದು ವೃಷಾಲಿಯ ಮುಂದೆ ಓದಿದಳು. ನಾನು ಮಾತಿಲ್ಲದ ಹುಡುಗಿಯಾಗಿದ್ದೆ, ಈ ಎ.ಐ. ಶಿಕ್ಷಕಿ ನನಗೆ ದನಿ ಕೊಟ್ಟಳು, ಆಕೆಗೂ ಶಾಂತಿನಾಥ ಅಣ್ಣಾ ಅವರಿಗೂ ನಾನು ಆಭಾರಿ. ಸಖುಬಾಯಿ ಅರ್ಥ ಕೇಳಿದಳು. ಹುಡುಗಿಯರು ಹೇಳಿದರು.

‘ಕಲಿಸಿದಾಕಿ ಇಲ್ಲಿ, ಹೆಸರ ಡಬ್ಬೀದ?’ ಮುದುಕಿ ಅವರೇಕಾಯಿಯ ಮೊರ ಬದಿಗೆ ತಳ್ಳಿದಳು. ‘ಏ ಮಾಳೀ, ಅಲ್ಲಿ ನಿಂತ ಕೂಗಿ ಹೇಳ, ನಮ್ಮ ವೃಷಾಲಿಬಾಯಿ ಕಲಸ್ಯಾಳ ಅಂತ. ಏನ ಕಿತ್ಕೊಂತಾರ ಹೇಳ್ಲಿ!’

ಮಾಳವ್ವನ ಕಣ್ಣು ಹೊಳೆದವು. ‘ಹೇಳ್ಲೇನ್ರಿ ಬಾಯಿ? ನಿಮ್ಮ ಹೆಸರ ಹೇಳ್ತೇನಿ. ಹೆದರಂಗಿಲ್ಲ ನಾ.’

ಹೆಸರು ಹೇಳಿದರೆ ಏನಾಗುತ್ತದೆ ಎಂದು ವೃಷಾಲಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅಣ್ಣಾ ನಗುತ್ತ ಮೈಕ್ ಹಿಡಿಯುತ್ತಾರೆ. ಹೌದಲ್ಲ, ಆ ಬಾಯಿಯೇ ಎ.ಐ.ಯನ್ನು ಸ್ವಾಗತಿಸಿ ಬರೆದಿದ್ದಾರೆ, ನೋಡಿ ಅವರ ಸಾಲು, ನೋಡಿ ಅವರ ಹೆಸರು ಎನ್ನುತ್ತಾರೆ. ಹುಡುಗಿಯ ಮಾತಿಗೆ ಎದುರಾಗಿ ವೃಷಾಲಿಯದೇ ಹೆಸರು ನಿಂತಿರುತ್ತದೆ. ಹುಡುಗಿ ಸುಳ್ಳಿಯಾಗುತ್ತಾಳೆ. ಮರುದಿನದಿಂದ ಅವಳನ್ನು ಮತ್ತೆ ಯಾವ ಸಾಲಿಗೆ ತಳ್ಳುತ್ತಾರೆಂದು ಬೇರೆ ಹೇಳಬೇಕಿಲ್ಲ. ಮಾತಾಡುವುದಿಲ್ಲ ಎಂದು ಹಟ ಹಿಡಿದರೆ ಮೈಕು ಇನ್ನೊಬ್ಬಳಿಗೆ ಹೋಗುತ್ತದೆ, ಆಭಾರ ಮಾತ್ರ ಅದೇ ಇರುತ್ತದೆ.

‘ಬ್ಯಾಡ’ ಎಂದಳು.

‘ಯಾಕ್ರಿ? ಇದರಾಗ ಸುಳ್ಳ ಐತಿ.’

‘ಐತಿ. ಆ ಸುಳ್ಳಿಗೆ ಮೊದಲ ಹೆಸರ ಹಾಕಿದಾಕಿ ನಾ. ನಿನ್ನ ಕಡಿಂದ ಯಾಕ ತಿದ್ದಸ್ಲಿ?’

ಸಖುಬಾಯಿ ಸೊಸೆಯ ಮುಖ ನೋಡಿ ಒಳಗೆ ಎದ್ದುಹೋದಳು.

ವೃಷಾಲಿ ಹುಡುಗಿಯನ್ನು ಪಡಸಾಲೆಯ ನಡುವೆ ನಿಲ್ಲಿಸಿದಳು. ತಾನು ಎದುರಿನ ಗೋಡೆಗೆ ಆತು ಕೂತಳು. ಮಾಳವ್ವ ಆ ಭಾಷಣವನ್ನೇ ಶುರು ಮಾಡಿದಳು. ‘ದನಿ ಕೊಟ್ಟಳು’ ಎಂಬಲ್ಲಿಗೆ ಬಂದಾಗ ಅವಳ ಮಾತು ಸಣ್ಣಗಾಯಿತು, ಕಣ್ಣು ನೆಲಕ್ಕೆ ಇಳಿದವು.

‘ಅಲ್ಲೇ ಬಿದ್ದಿ ನೋಡ. ಮತ್ತೊಮ್ಮಿ ಹೇಳ’ ಎಂದಳು ವೃಷಾಲಿ. ‘ನೆಲಾ ನೋಡಬ್ಯಾಡ. ಕೈ ಹಿಂದ ಕಟ್ಟಬ್ಯಾಡ. ಖರೆ ಅನಿಸಬೇಕು ಮಂದಿಗೆ, ಹಂಗ ಹೇಳ.’